ಸ್ಪೇನಿನ ಬೆಟ್ಟದಲ್ಲೊಂದು ಮಣ್ಣಿನ ಮಾಳಿಗೆ

"ಪಾಪ, ಅವರಿಗೂ ಆರ್‌ಸಿಸಿ ಹಾಕಿಸೋಕೆ ಆಗಲಿಲ್ವೇನೋ?"

ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದ ಮಾತಿದು. ನಾನಾಗ ದಕ್ಷಿಣ ಸ್ಪೇನಿನ ಕಪಿಲೇಯ್ರ ಅನ್ನುವ ಬೆಟ್ಟದೂರಿನಲ್ಲಿ ಮಂಚದ ಮೇಲೆ ಮಲಗಿ, ಫೋನನ್ನು ಮೇಲಕ್ಕೆ ತಿರುಗಿಸಿ ಹಿಡಿದಿದ್ದೆ. ಮೇಲೆ ದಪ್ಪ ತೊಲೆ. ಅದರ ಮೇಲೆ ಸಾಲಾಗಿ ಜಂತೆ. ಜಂತೆಯ ಸಂದಿಯಲ್ಲಿ ಕಪ್ಪು ಕಲ್ಲಿನ ಹಾಸು. ಅದರ ಮೇಲೆ ಮಣ್ಣು. ಚಳ್ಳಕೆರೆ ಕಡೆಯ ನಮ್ಮ ಹಳೇ ಮಾಳಿಗೆ ಮನೆಯೇ ಎದ್ದು ಬಂದ ಹಾಗಿತ್ತು. ಅಮ್ಮನಿಗೂ ತಕ್ಷಣ ಗುರುತು ಸಿಕ್ಕಿತು. "ಅಯ್ಯೋ, ನಮ್ಮನೆ ಥರಾನೇ ಇದೆಯಲ್ಲೋ" ಅಂದಳು. ಅದರ ಬೆನ್ನಿಗೇ ಆ ಪಾಪ ಅನ್ನುವ ಮಾತು ಬಂತು.

ಆ ರೂಮಿಗೆ ನಾನು ರಾತ್ರಿಗೆ 75 ಯೂರೋ ಕೊಟ್ಟಿದ್ದೆ. ಅಮ್ಮನಿಗೆ ಹೇಳಲಿಲ್ಲ. ಆದರೆ ಆ ಮಾತು ಮೂರು ದಿನ ಮನಸ್ಸಿನಲ್ಲೇ ಕೂತಿತ್ತು. ಮಣ್ಣಿನ ಮಾಳಿಗೆ ಅಂದರೆ ಬಡತನ ಅಂತ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ, ಅಲ್ವಾ?

ನಾನು ಮಾಲಗ ನಗರಕ್ಕೆ ಬಂದು ಐದು ವರ್ಷವಾಯಿತು. ಅಕ್ಟೋಬರ್ 12 ಇಲ್ಲಿ ರಾಷ್ಟ್ರೀಯ ಹಬ್ಬ. ವಾರದ ಕೊನೆಗೆ ಸೇರಿಕೊಂಡು ರಜೆ ಸಿಕ್ಕಿತ್ತು. ಗ್ರನಾಡದ ದಕ್ಷಿಣಕ್ಕೆ, ಸಿಯೆರಾ ನೆವಾಡ ಬೆಟ್ಟಸಾಲಿನ ಇಳಿಜಾರಿನಲ್ಲಿ ಆಲ್ಪುಹಾರ ಅನ್ನುವ ಸೀಮೆ ಇದೆ. ಓರ್ಹಿವಾ ದಾಟಿದ ಮೇಲೆ ತಿರುವೋ ತಿರುವು. ಪೊಕೇಯ್ರ ಕಣಿವೆಯಲ್ಲಿ ಮೂರು ಊರುಗಳು ಒಂದರ ಮೇಲೊಂದು ಕೂತಿವೆ. ಕೆಳಗೆ ಪಂಪನೇಯ್ರ, ನಡುವೆ ಬುಬಿಯೋನ್, ಮೇಲೆ ಕಪಿಲೇಯ್ರ. ಕೊನೆಯದು ಸಮುದ್ರಮಟ್ಟದಿಂದ 1400 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಕೆಳಗಿನಿಂದ ನೋಡಿದರೆ ಬೆಟ್ಟದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಗೋಡೆಗಳು. ಪೋಸ್ಟ್‌ಕಾರ್ಡುಗಳಲ್ಲಿ ಬರೋದು ಅದೇ ಚಿತ್ರ. ಆದರೆ ಕಪಿಲೇಯ್ರದ ಮೇಲ್ಗಡೆಯ ಓಣಿಯಲ್ಲಿ ನಿಂತು ಕೆಳಗೆ ನೋಡಿ. ಬಿಳಿ ಹಿಂದೆ ಸರಿದು, ಬೂದಿ ಬಣ್ಣದ ಚಪ್ಪಟೆ ಮಾಳಿಗೆಗಳೇ ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗುತ್ತವೆ. ಒಂದೊಂದರ ಮೇಲೂ ಟೋಪಿ ಇಟ್ಟ ದುಂಡು ಹೊಗೆಗೂಡು. ನಾನು ಅಲ್ಲಿ ತುಂಬಾ ಹೊತ್ತು ನಿಂತಿದ್ದೆ.

ರೂಮು ಕೊಟ್ಟ ಅಜ್ಜಿಗೆ ಎಪ್ಪತ್ತು ದಾಟಿದೆ. ನಾನು ಮೇಲೇ ನೋಡ್ತಾ ಇದ್ದದ್ದು ಕಂಡು, "ಬಾ ಮಗನೇ, ತೋರಿಸ್ತೀನಿ" ಅಂತ ಮೇಲಕ್ಕೆ ಕರೆದುಕೊಂಡು ಹೋದರು. ಈ ಮಾಳಿಗೆಗೆ ಅವರು ತೆರ್ರಾವ್ ಅನ್ನುತ್ತಾರೆ. ಮೇಲೆ ಹಾಸುವ ಮಣ್ಣಿಗೆ ಲೌನಾ ಅಂತ ಹೆಸರು. ಅಲ್ಲಿನ ಬೆಟ್ಟದಲ್ಲೇ ಸಿಗುವ, ಸ್ಲೇಟ್ ಥರದ ಕಲ್ಲು ಕರಗಿ ಆದ ಜೇಡಿ. ಒಂದು ಹಿಡಿ ಎತ್ತಿ ಬೆರಳಲ್ಲಿ ತಿಕ್ಕಿದೆ. ವಿಭೂತಿಯಷ್ಟು ನುಣುಪು, ಬಣ್ಣವೂ ಹೆಚ್ಚು ಕಡಿಮೆ ಅದೇ. ಇದನ್ನು ಕಲಸುವುದಿಲ್ಲ, ಒಣಗಿದ್ದನ್ನೇ ಹರಡುತ್ತಾರೆ. ಮಳೆ ಬಿದ್ದಾಗ ಅದೇ ಉಬ್ಬಿ, ಸಂದಿಗಳನ್ನೆಲ್ಲ ಮುಚ್ಚಿಕೊಂಡು ಬಿಡುತ್ತದೆ. ಹುಣ್ಣಿಮೆ ಕಳೆದು ಚಂದ್ರ ಕರಗುವ ದಿನಗಳಲ್ಲೇ ಹಾಕಬೇಕಂತೆ, ಇಲ್ಲದಿದ್ದರೆ ಸೋರುತ್ತದಂತೆ. ತೊಲೆಗಳೆಲ್ಲ ಆ ಕಣಿವೆಯ ಚೆಸ್ಟ್‌ನಟ್ ಮರದವು. ಮಾಳಿಗೆಯ ಒಂದು ಮೂಲೆಯಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಒಣಗಲು ಹಾಕಿದ್ದರು.

ನನ್ನ ಅಜ್ಜಿ ಇದ್ದಿದ್ದರೆ ಆ ಅಜ್ಜಿಯ ಜೊತೆ ಭಾಷೆ ಇಲ್ಲದೆಯೇ ಅರ್ಧ ದಿನ ಮಾತಾಡಿರುತ್ತಿದ್ದಳು. ನಮ್ಮಲ್ಲಿ ಲೌನಾ ಇರಲಿಲ್ಲ, ಚೌಳು ಮಣ್ಣು ಇತ್ತು. ಮುಂಗಾರಿಗೆ ಮುಂಚೆ ಗಾಡಿ ಕಟ್ಟಿಕೊಂಡು ಹೋಗಿ ತರುತ್ತಿದ್ದರು. ಹೊಲದಲ್ಲಿ ಚೌಳು ಬಂತು ಅಂದರೆ ರೈತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ, ಅಲ್ಲಿ ಏನೂ ಬೆಳೆಯುವುದಿಲ್ಲ. ಮಾಳಿಗೆಗೆ ಅದೇ ಬೇಕು. ಹುಲ್ಲು ಹುಟ್ಟಲ್ಲ, ನೀರು ಇಳಿಯಲ್ಲ. ಬೇವಿನ ತೊಲೆ, ಜಂತೆ, ಅದರ ಮೇಲೆ ಬಂದ್ರೆ ಸೊಪ್ಪು, ಆಮೇಲೆ ಮಣ್ಣು, ಎಲ್ಲದರ ಮೇಲೆ ಚೌಳು. ಅಜ್ಜಿ ಮಣ್ಣಿನ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, "ಇದು ಆಗ್ತೈತೆ" ಅನ್ನುತ್ತಿದ್ದಳು. ಬೇಸಿಗೆಯಲ್ಲಿ ಆ ಮಾಳಿಗೆಯ ಮೇಲೆ ಸಂಡಿಗೆ, ಹುಣಸೆಹಣ್ಣು, ಮೆಣಸಿನಕಾಯಿ. ರಾತ್ರಿಯಾದರೆ ನಾವು.

ಈ ಊರುಗಳ ಕತೆ ಗೊತ್ತಾದ ಮೇಲೆ ಹೊಟ್ಟೆಯೊಳಗೆ ಸಂಕಟ ಜಾಸ್ತಿಯಾಯಿತು. ಈ ಥರದ ಮನೆ ಕಟ್ಟಿದವರು ಮೂರರು, ಅಂದರೆ ಉತ್ತರ ಆಫ್ರಿಕಾದಿಂದ ಬಂದು ಇಲ್ಲಿ ನೆಲೆಸಿದ ಮುಸಲ್ಮಾನರು. ಮೊರಾಕೋದ ಅಟ್ಲಾಸ್ ಬೆಟ್ಟಗಳಲ್ಲಿ ಇವತ್ತಿಗೂ ಇಂಥದೇ ಚಪ್ಪಟೆ ಮಾಳಿಗೆಯ ಮನೆಗಳಿವೆ. 1492ರ ಜನವರಿ 2ರಂದು ಗ್ರನಾಡದ ಕೊನೆಯ ಮುಸಲ್ಮಾನ ದೊರೆ ಬೋಅಬ್ದಿಲ್ ಸ್ಪೇನಿನ ಕ್ರೈಸ್ತ ದೊರೆಗಳಿಗೆ ಊರಿನ ಕೀಲಿಕೈ ಒಪ್ಪಿಸಿದ ಮೇಲೆ ಅವನಿಗೆ ಬಿಟ್ಟುಕೊಟ್ಟಿದ್ದು ಇದೇ ಆಲ್ಪುಹಾರ. ಅವನು ಬಹಳ ದಿನ ಇಲ್ಲಿರಲಿಲ್ಲ, ಆಫ್ರಿಕಾಕ್ಕೆ ಹೊರಟುಹೋದ. ಜನ ಇಲ್ಲೇ ಉಳಿದರು. ಅವರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದರು, ಆಮೇಲೆ ಅವರ ಭಾಷೆ, ಬಟ್ಟೆ, ಊರಿನ ಸ್ನಾನದ ಮನೆಗಳಿಗೂ ತಡೆ ಬಂತು. 1568ರ ಕ್ರಿಸ್‌ಮಸ್ ಹೊತ್ತಿಗೆ ಅವರು ದಂಗೆ ಎದ್ದರು. ಅದನ್ನು ಅಡಗಿಸಿದ ಮೇಲೆ ಇಡೀ ಗ್ರನಾಡ ಸೀಮೆಯಿಂದ ಅವರನ್ನು ಎಬ್ಬಿಸಿ ಬೇರೆ ಕಡೆಗೆ ಓಡಿಸಿದರು. ಖಾಲಿ ಮನೆಗಳಿಗೆ ಉತ್ತರದ ಗಲೀಸಿಯಾ, ಲಿಯೋನ್ ಕಡೆಯಿಂದ ಜನರನ್ನು ತಂದು ಕೂರಿಸಿದರು. ಪ್ರತಿ ಊರಿನಲ್ಲೂ ಎರಡೆರಡು ಹಳೇ ಕುಟುಂಬಗಳನ್ನು ಉಳಿಸಿಕೊಂಡು, ಕಾಲುವೆ ಕೆಲಸ ಹೊಸಬರಿಗೆ ಕಲಿಸಲು ಹೇಳಿದರು ಅನ್ನುವ ಮಾತು ಈಗಲೂ ಅಲ್ಲಿ ಓಡಾಡುತ್ತದೆ.

ಮಾಳಿಗೆ ಕಟ್ಟಿದವರನ್ನು ಓಡಿಸಿದರು, ಮಾಳಿಗೆ ಉಳಿಸಿಕೊಂಡರು. ನಮ್ಮನ್ನು ಯಾರೂ ಓಡಿಸಲಿಲ್ಲ. ನಮ್ಮ ಅಜ್ಜ ಮುತ್ತಜ್ಜ ಕಟ್ಟಿದ್ದನ್ನು ನಾವೇ ನಿಂತು ಕೆಡವಿಸಿದೆವು.

ಪೊಕೇಯ್ರ ಕಣಿವೆಯ ಈ ಮೂರೂ ಊರುಗಳಿಗೆ 1982ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿದೆ. ಮನಸ್ಸಿಗೆ ಬಂದಂತೆ ಮಾಳಿಗೆ ಬದಲಿಸುವ ಹಾಗಿಲ್ಲ. ರೂಮು ಕೊಟ್ಟ ಅಜ್ಜಿ ಅದನ್ನು ಹೇಳುವಾಗ ದೂರಿನ ದನಿಯೇ ಇರಲಿಲ್ಲ, ಹೆಮ್ಮೆ ಇತ್ತು. ನಮ್ಮ ಮನೆ ಕೆಡವಿದ್ದು 2004ರಲ್ಲಿ. ನಾನಾಗ ಎಂಟನೇ ಕ್ಲಾಸು. ಓಣಿಯಲ್ಲಿ ಮೊದಲ ಆರ್‌ಸಿಸಿ ನಮ್ಮದೇ. ಅಪ್ಪ ಮೋಲ್ಡ್ ಹಾಕಿಸಿದ ದಿನ ಊರಿಗೆಲ್ಲ ಸಿಹಿ ಹಂಚಿದ. ತೊಲೆ ಇಳಿಸುವಾಗ ನನ್ನ ಅಜ್ಜಿ ಒಬ್ಬಳೇ ಜಗಲಿಯ ಮೇಲೆ ಕೂತು ಸುಮ್ನೆ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಫ್ಯಾನು ಬಿಸಿಗಾಳಿ ಸುರಿಯತೊಡಗಿದಾಗ ಚಾಪೆ ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಮಲಗಿದಳು. ಕೊಟ್ಟಿಗೆಯ ಮಾಳಿಗೆ ಇನ್ನೂ ಮಣ್ಣಿನದೇ ಇತ್ತು. ಸಾಯುವವರೆಗೂ ಅವಳ ಬೇಸಿಗೆಯೆಲ್ಲ ಅಲ್ಲೇ ಕಳೆಯಿತು.

ಈಗ ನಮ್ಮೂರಿನಲ್ಲಿ ಮಾಳಿಗೆ ಮನೆ ಅಂತ ಉಳಿದಿರುವುದು ನಾಲ್ಕೋ ಐದೋ. ಅದರಲ್ಲಿ ಇರುವವರಿಗೆ ಹುಡುಗಿ ಕೊಡಲು ಯೋಚನೆ ಮಾಡುತ್ತಾರೆ. ಚಳ್ಳಕೆರೆಯ ಬಿಸಿಲಿಗೆ ಆರ್‌ಸಿಸಿಗಿಂತ ಕೆಟ್ಟ ಆಯ್ಕೆ ಇಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ. ಆದರೂ ಎಲ್ಲರೂ ಸಾಲ ಮಾಡಿ ಅದನ್ನೇ ಹಾಕಿಸುತ್ತಾರೆ. ಮಣ್ಣು ನಾಚಿಕೆ ಅಂತ ನಮಗೆ ಯಾರು ಹೇಳಿಕೊಟ್ಟರು?

ಇದನ್ನೆಲ್ಲ ಎರಡನೇ ದಿನ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಅಂದಳು: "ಮಾಳಿಗೆ ಚೆಂದ ಅಂತೀಯ. ರಾತ್ರಿ ಮಳೆ ಹಿಡ್ಕಂಡ್ರೆ ಲಾಟೀನು ಹಿಡ್ದು ಮೇಲೆ ಹತ್ತಿ ಮಣ್ಣು ತುಳೀತಿದ್ದೋರು ಯಾರು? ನಿಮ್ಮಪ್ಪಾನಾ? ನೀನು ಹೊಟ್ಟೇಲಿದ್ದಾಗ್ಲೂ ಹತ್ತಿದೀನಿ."

ನನಗೆ ಗೊತ್ತಿರಲಿಲ್ಲ. ಸೋರುವ ಜಾಗಕ್ಕೆ ಪಾತ್ರೆ ಇಟ್ಟಿದ್ದು, ಪಾತ್ರೆಯೊಳಗೆ ನೀರು ಟಪ್ ಅನ್ನುತ್ತಿದ್ದುದು ನೆನಪಿದೆ. ಆ ಹೊತ್ತಿನಲ್ಲಿ ಮೇಲೆ ಯಾರಿದ್ದರು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. 2009ರ ಮಳೆಗೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದು ಜನ ಬೀದಿಗೆ ಬಂದದ್ದೂ ಸುಳ್ಳಲ್ಲ. ಅವರ ಮುಂದೆ ನಿಂತು ಮಾಳಿಗೆ ಉಳಿಸಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಪಿಲೇಯ್ರದ ಅಜ್ಜಿಯ ಮಾಳಿಗೆಯಲ್ಲೂ ಲೌನಾ ಕೆಳಗೆ ಈಗ ಪ್ಲಾಸ್ಟಿಕ್ ಹಾಳೆ ಇದೆ. ಮಣ್ಣು ಹರಡಲು ಕೂಲಿಯವರು ಬರುತ್ತಾರೆ. ಇಬ್ಬರು ಮಕ್ಕಳೂ ಬಾರ್ಸಿಲೋನಾದಲ್ಲಿ, ಆಗಸ್ಟ್‌ನಲ್ಲಿ ಹದಿನೈದು ದಿನ ಬಂದು ಹೋಗುತ್ತಾರೆ. ಚಳಿಗಾಲದಲ್ಲಿ ಅವರ ಓಣಿಯಲ್ಲಿ ದೀಪ ಹತ್ತುವುದು ಮೂರೇ ಮನೆಗಳಲ್ಲಂತೆ. ಉಳಿದ ಬೀಗಗಳನ್ನು ನಾನೇ ನೋಡಿದೆ. ನಮ್ಮ ಓಣಿಯಲ್ಲಿ ಈಗಲೂ ಸಂಜೆ ಮಕ್ಕಳ ಗಲಾಟೆ ಇದೆ. ಆ ಮಾಳಿಗೆಗಳ ಚೆಂದ ನೋಡಿ ಬಂದ ನಾನು ಇಷ್ಟನ್ನು ಒಪ್ಪಿಕೊಳ್ಳಲೇಬೇಕು.

ಹಾಗಂತ ಮನಸ್ಸು ಪೂರ್ತಿ ತಿರುಗಿಲ್ಲ. ಹೊರಡುವ ದಿನ ಅಮ್ಮನಿಗೆ ಮತ್ತೆ ಫೋನ್ ಮಾಡಿ, ಹಳೇ ಮನೆಯ ತೊಲೆಗಳು ಏನಾದವು ಅಂತ ಕೇಳಿದೆ. ಏಳು ಇದ್ದವು, ಎರಡಕ್ಕೆ ಗೆದ್ದಲು ಹಿಡಿದಿದೆ, ಐದು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇವೆ ಅಂದಳು. ಹೋದ ತಿಂಗಳು ಸಾಮಿಲ್ಲಿನವನು ಬಂದು ಬೆಲೆ ಕೇಳಿ ಹೋಗಿದ್ದಾನಂತೆ. ಕೊಡಬೇಡ ಅಂತ ಹೇಳಿದ್ದೇನೆ. ಯುಗಾದಿಗೆ ಊರಿಗೆ ಬರುತ್ತೇನೆ, ಅಲ್ಲಿವರೆಗೆ ಹಾಗೇ ಇರಲಿ.