ಬಾದಲ್ ಬರೀ ಗುಂಡಿ ಕಲಾವಿದರಲ್ಲ
ರಸ್ತೆ ಗುಂಡಿಗಳನ್ನೇ ಕಲಾಕೃತಿ ಮಾಡಿ ಜನರ ಗಮನ ಸೆಳೆಯುವ ಬಾದಲ್ ನಂಜುಂಡಸ್ವಾಮಿ ಅವರ ಬಗ್ಗೆ ನೀವು ಲೇಖನ ಬರೆದಿದ್ದು ಖುಷಿಯಾಯಿತು, ಆದರೆ ಸುಮ್ನೆ 'ಗುಂಡಿ ಕಲಾವಿದ' ಅಂತ ಕರೆದುಬಿಟ್ಟಿದ್ದು ಬೇಜಾರಾಯಿತು. ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಕಲಿತವರು ಅವರು. ಚಿತ್ರ, ಶಿಲ್ಪ, ಕಲಾ ನಿರ್ದೇಶನ ಎಲ್ಲದರಲ್ಲೂ ಕೈ ಪಳಗಿದೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯನ್ನೇ ಕೊಳ ಮಾಡಿ ಮೊಸಳೆ ಮಲಗಿಸಿದ್ದರಲ್ಲ, ಆ ಶಿಲ್ಪ ಅಷ್ಟು ಚೆನ್ನಾಗಿ ಇರದಿದ್ದರೆ ಯಾರು ನಿಂತು ನೋಡುತ್ತಿದ್ದರು ಹೇಳಿ? 2019ರಲ್ಲಿ ಬೆಂಗಳೂರಿನದೇ ಹೇರೋಹಳ್ಳಿಯ ಗುಂಡಿ ಬಿದ್ದ ರಸ್ತೆಯಲ್ಲಿ ಅವರು ಮಾಡಿದ ವಿಡಿಯೋ ಇನ್ನೊಮ್ಮೆ ನೋಡಿ. ಕತ್ತಲು, ಬಿಳಿ ಉಡುಪಿನ ಗಗನಯಾತ್ರಿ, ತೇಲಿದ ಹಾಗೆ ನಿಧಾನಕ್ಕೆ ಇಡುವ ಹೆಜ್ಜೆ, ಚಂದ್ರನ ಮೇಲೇ ಇದ್ದಾರೆ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಆಟೋ ಹಾದು ಹೋಗುತ್ತದೆ! ಗಗನಯಾತ್ರಿಯಾಗಿ ನಡೆದವರು ನಟ ಪೂರ್ಣಚಂದ್ರ ಮೈಸೂರು. ಚಂದ್ರಯಾನ-2 ಚಂದ್ರನ ಮೇಲೆ ಇಳಿಯಬೇಕಿದ್ದ ವಾರ ಅದು. ರಸ್ತೆ ರಿಪೇರಿ ಆಮೇಲೆ ಶುರುವಾಯಿತು. ನಾನಂತೂ ಮಗಳಿಗೆ ಆ ವಿಡಿಯೋ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ.