ಬರೆಯುವವನಿಗೆ ಮಾತ್ರ ಏಕೆ ಈ ಕಾಟ?

ಬೆಂಗಳೂರಿಗೆ ಬಂದಾಗಲೆಲ್ಲ ನೆಂಟರಿಷ್ಟರು ಕೇಳುವುದು ಒಂದೇ: ‘ಪುಸ್ತಕ ಯಾವಾಗ ತರುತ್ತೀ?’ ತರುವುದಿಲ್ಲ, ಸುಮ್ಮನೆ ಖುಷಿಗೆ ಬರೆಯುತ್ತೇನೆ ಎಂದರೆ, ಪಾಪ, ಯಾವ ಪ್ರಕಾಶಕರೂ ಒಪ್ಪಲಿಲ್ಲವೇನೋ ಎಂದು ಮರುಗುತ್ತಾರೆ.

ಇದೇ ಊರಿನಲ್ಲಿ ಸಂಗೀತಕ್ಕೆ ಈ ಕಾಟವಿಲ್ಲ. ಐವತ್ತು ದಾಟಿದ ಮೇಲೆ ವೀಣೆ ಹಿಡಿದ ಅತ್ತೆಯನ್ನು, ಭಜನಾ ಮಂಡಳಿಯಲ್ಲಿ ದೇವರನಾಮ ಹಾಡುವ ಚಿಕ್ಕಮ್ಮನನ್ನು, ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಉತ್ಸವದಲ್ಲಿ ನಿಮ್ಮ ಕಚೇರಿ ಯಾವಾಗ ಎಂದು ಯಾರೂ ಪೀಡಿಸುವುದಿಲ್ಲ.

ನಾನಿರುವ ಕೋಲ್ಕತ್ತದಲ್ಲಿ ಬರೆಯುವುದು ಅಂಥ ಘನಕಾರ್ಯವೇನಲ್ಲ. ಬ್ಯಾಂಕಿನ ಗುಮಾಸ್ತರೂ ಪದ್ಯ ಬರೆಯುತ್ತಾರೆ, ಔಷಧದಂಗಡಿಯವರೂ ಬರೆಯುತ್ತಾರೆ. ಶಾಲೆಯ ಗೋಡೆಗೆ ಕೈಬರಹದ ಭಿತ್ತಿಪತ್ರಿಕೆ ಅಂಟುತ್ತದೆ. ನಾಲ್ವರು ಗೆಳೆಯರು ಜೇಬಿನಿಂದ ದುಡ್ಡು ಹಾಕಿ ‘ಲಿಟಲ್ ಮ್ಯಾಗಜೀನ್’ ತರುತ್ತಾರೆ. ಅದು ಕಾಲೇಜ್ ಸ್ಟ್ರೀಟಿನ ಪಾತಿರಾಮ್ ಅಂಗಡಿಯಲ್ಲಿ ಕೂರುತ್ತದೆ. ಕೆಲವು ಸಂಚಿಕೆಗಳಾದ ಮೇಲೆ ನಿಂತರೆ ಯಾರೂ ಸೂತಕ ಆಚರಿಸುವುದಿಲ್ಲ. ಇಂಥ ಪತ್ರಿಕೆಗಳನ್ನು ಕೂಡಿಡಲೆಂದೇ ಸಂದೀಪ್ ದತ್ತ ಅವರು 1978ರಲ್ಲಿ ಟೇಮರ್ ಲೇನಿನ ತಮ್ಮ ಮನೆಯಲ್ಲೇ ಗ್ರಂಥಾಲಯ ತೆರೆದರು. (ಬಂಗಾಳಿಗಳನ್ನು ಹೊಗಳಿದ್ದು ಸಾಕು. ಅವರ ಹರಟೆಕೂಟವಾದ ಅಡ್ಡಾದಲ್ಲಿ ಕವಿಯ ಕೈಗೆ ಸಿಕ್ಕಿದರೆ ಚಹಾ ಆರಿದರೂ ಬಿಡುಗಡೆಯಿಲ್ಲ.)

ನಮ್ಮಲ್ಲಿ ಹಾಗಲ್ಲ. ಸ್ವಂತ ದುಡ್ಡಿನಲ್ಲಿ ಅಚ್ಚು, ಹಿರಿಯರ ಮುನ್ನುಡಿ, ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲೋ ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲೋ ಬಿಡುಗಡೆ, ಶಾಲು, ಹಾರ, ಉಪ್ಪಿಟ್ಟು, ಕೇಸರಿಬಾತು. ಉಳಿದ ಪ್ರತಿಗಳ ಕಟ್ಟು ಅಟ್ಟ ಸೇರಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾಯುತ್ತದೆ. ದುಡ್ಡು ಹೋದರೆ ಹೋಗಲಿ. ಪುಸ್ತಕಕ್ಕೆಂದೇ ಕುಳಿತವನು ಮೊದಲ ಸಾಲಿನಿಂದಲೇ ವಿಮರ್ಶಕರ ಮುಖ ನೋಡಿಕೊಂಡು ಬರೆಯುತ್ತಾನೆ, ನನ್ನ ತಕರಾರು ಅಲ್ಲಿದೆ. ಅಜ್ಜಿಯ ಜಗಳಗಂಟಿತನ, ವಠಾರದ ನಲ್ಲಿನೀರಿನ ರಗಳೆ, ಅವನು ಮಾತ್ರ ಹೇಳಬಹುದಾದದ್ದೆಲ್ಲ ಕ್ಷುಲ್ಲಕವೆಂದು ಹೊರಗುಳಿಯುತ್ತದೆ. ಭಾರವಾದ ಮಾತುಗಳಷ್ಟೇ ಅಚ್ಚಿಗೆ ಹೋಗುತ್ತವೆ.

ಪ್ರಕಟಣೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹೊಸಬರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುವುದು ಒಳ್ಳೆಯದೇ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕನ್ನಡ ಸಂಘಗಳು ರಾಜ್ಯೋತ್ಸವದ ವಾದ್ಯಗೋಷ್ಠಿಗೆ ಸುರಿಯುವ ಹಣದಲ್ಲಿ ಚೂರು ಉಳಿಸಿ, ಲಿಫ್ಟಿನ ಪಕ್ಕ ಒಂದು ಫಲಕ ಹಾಕಿಸಲಿ. ಮನೆಮನೆಯವರು ಬರೆದದ್ದು ಅಲ್ಲಿ ಒಂದು ವಾರ ಇರಲಿ, ಆಮೇಲೆ ಇನ್ನೊಬ್ಬರದು. ಮುನ್ನುಡಿ ಬೇಡ, ಮುಖ್ಯ ಅತಿಥಿ ಬೇಡ, ಬಹುಮಾನವಂತೂ ಬೇಡವೇ ಬೇಡ.