ಇಳಿಯಲೊಲ್ಲದ ಕಾರು

ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಮಾತ್ರ ಕಾಣುವ ಜಾಗ ಒಂದಿದೆ. ಟೈರಿನ ನೆತ್ತಿಗೂ ಮಡ್‌ಗಾರ್ಡಿನ ಅಂಚಿಗೂ ನಡುವಿನ ಗ್ಯಾಪ್ ಅದು. ಅಲ್ಲಿ ಇಡೀ ಅಂಗೈ ತೂರಿಸಬಹುದು. ತೂರಿಸಿದರೆ ತಪ್ಪೇನು ಅಂತ ಕೇಳಬೇಡಿ. ತೂರಬಾರದು, ಅಷ್ಟೇ. ಎರಡು ಬೆರಳು ಹೋದರೆ ಅದು ಸ್ಪೋರ್ಟ್ಸ್ ಕಾರು, ಅಂಗೈ ಹೋದರೆ ಸರಕು ಸಾಗಿಸುವ ಗಾಡಿ ಅನ್ನೋದು ನಮ್ಮ ಪಂಗಡದ ನಂಬಿಕೆ.

ನನ್ನದು ಮಜ್ದಾ ಎಂಎಕ್ಸ್-5. 1989ರಲ್ಲಿ ಶುರುವಾದ ಮೊದಲ ತಲೆಮಾರಿನದು. ಎರಡೇ ಸೀಟು, ಹೆಚ್ಚುಕಮ್ಮಿ ಒಂದು ಟನ್ ತೂಕ, ಗುಂಡಿ ಒತ್ತಿದರೆ ಕಪ್ಪೆ ಕಣ್ಣಿನ ಹಾಗೆ ಮೇಲೆದ್ದು ಬರುವ ಹೆಡ್‌ಲೈಟು. ನಾಲ್ಕು ಚಕ್ರಕ್ಕೂ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಇಷ್ಟು ಯೋಚಿಸಿ ಕಟ್ಟಿದ ಕಾರನ್ನು ಹಾಗೇ ಬಿಡಬಾರದಾ ಅಂತ ಹೆಂಡತಿ ಕೇಳಿದಳು. ಬಿಡಬಹುದಿತ್ತು. ಆದರೆ ಆ ಗ್ಯಾಪು!

ಸರಿ, ಗ್ಯಾಪು ಕಮ್ಮಿಯಾಗುವ ಹಾಗೆ ಕಾರಿನ ಎತ್ತರ ಇಳಿಸುವ ಸ್ಪ್ರಿಂಗ್ ಹುಡುಕೋಕೆ ಕೂತೆ. ಕಾರು ಎಷ್ಟು ಇಳಿಯುತ್ತದೆ ಅಂತ ಮಾರುವವರೆಲ್ಲರೂ ದಪ್ಪ ಅಕ್ಷರದಲ್ಲಿ ಹೇಳುತ್ತಾರೆ. ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಕೇಳಿದರೆ ಶುರುವಾಗುತ್ತದೆ ಆಟ. ಒಬ್ಬರು ಒಂದು ಮಿಲಿಮೀಟರ್ ಒತ್ತೋಕೆ ಇಷ್ಟು ಕೆ.ಜಿ. ಅನ್ನುತ್ತಾರೆ, ಇನ್ನೊಬ್ಬರು ನ್ಯೂಟನ್, ಮತ್ತೊಬ್ಬರು ಇಂಚಿಗೆ ಪೌಂಡು. ಮಿಲಿಮೀಟರಿಗೆ 1 ಕೆ.ಜಿ. ಅಂದರೆ ಸುಮಾರು 9.8 ನ್ಯೂಟನ್, ಅದೇ ಇಂಚಿಗೆ 56 ಪೌಂಡ್. ಈ ಲೆಕ್ಕ ಈಗ ನನಗೆ ನಿದ್ದೆಯಲ್ಲೂ ಬರುತ್ತದೆ, ಬೇರೆ ಯಾವುದಕ್ಕೂ ಉಪಯೋಗವಿಲ್ಲ. ಇನ್ನು ಕೆಲವರು 'ಪ್ರೋಗ್ರೆಸಿವ್' ಅಂತ ಒಂದೇ ಮಾತು ಬರೆದು ಸುಮ್ಮನಾಗುತ್ತಾರೆ. ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುವ ಸ್ಪ್ರಿಂಗು ಅಂತ ಅರ್ಥ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನೋದು ಅವರಿಗೂ ದೇವರಿಗೂ ಬಿಟ್ಟದ್ದು.

ಈ ಗುಟ್ಟಿನ ಕಾಯಿಲೆ ಹಳೇದು ಬಿಡಿ. ಸ್ಪ್ರಿಂಗಿನ ನಿಯಮ ಕಂಡುಹಿಡಿದ ರಾಬರ್ಟ್ ಹುಕ್ 1676ರಲ್ಲಿ ಅದನ್ನು ಅಕ್ಷರಗಳನ್ನೆಲ್ಲ ಕಲಸಿ, ಯಾರಿಗೂ ತಿಳಿಯದ ಒಗಟು ಮಾಡಿ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ. ಇಂದಿನ ಮಾರಾಟಗಾರರು ಅವನ ನಿಜವಾದ ಶಿಷ್ಯರು. ಬಿಡಿಸಿ ಹೇಳುವ ಭಾಗ ಮಾತ್ರ ಇನ್ನೂ ಬಾಕಿ.

ನನಗೊಬ್ಬ ಗೆಳೆಯ ಇದ್ದಾನೆ. ಅವನ ಕೈಯಲ್ಲಿ ಸದಾ ಗ್ರೈಂಡರ್. "ಹೊಸದು ಯಾಕೋ? ಇರೋದ್ರಲ್ಲೇ ಒಂದು ಸುತ್ತು ಕತ್ತರಿಸು, ಇಳಿಯುತ್ತೆ" ಅಂದ. ಇಳಿಯುತ್ತದೆ, ಸುಳ್ಳಲ್ಲ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿಯೂ ಆಗುತ್ತದೆ. ಆದರೆ ಕತ್ತರಿಸಿದ ತುದಿ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರೋದಿಲ್ಲ. ರಸ್ತೆಗುಂಡಿಯಲ್ಲಿ ಕಾರು ಹಾರಿ ಚಕ್ರ ಕೆಳಗೆ ಜೋತಾಡಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ನಾನು ಬೇಡ ಅಂದೆ. ಅವನು ಇವತ್ತಿಗೂ ನನ್ನನ್ನು ಪುಕ್ಕಲ ಅಂತಲೇ ಪರಿಚಯ ಮಾಡಿಸೋದು.

ನಿಜವಾದ ತಲೆನೋವು ಬೇರೆ ಇದೆ. ಕಾರು ಇಳಿಸೋದು ಅಂದರೆ ಚಕ್ರ ಮೇಲೆ ಹೋಗೋಕೆ ಇರುವ ಜಾಗವನ್ನು ತಿನ್ನೋದು. 70 ಮಿ.ಮೀ. ಜಾಗ ಇದ್ದರೆ, 40 ಇಳಿಸಿದ ಮೇಲೆ ಉಳಿಯೋದು 30. ಅದೂ ಮುಗಿದರೆ ಶಾಕ್ ಅಬ್ಸಾರ್ಬರಿನ ಕಡ್ಡಿಗೆ ಹಾಕಿರುವ ಬಂಪ್ ಸ್ಟಾಪ್ ಅನ್ನೋ ರಬ್ಬರು ಸಿಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಬೆನ್ನುಮೂಳೆಯೇ ಸಸ್ಪೆನ್ಷನ್. ಇಳಿಸಿದ ಕಾರು ಕುಕ್ಕಿದರೆ ಎಲ್ಲರೂ ಸ್ಪ್ರಿಂಗನ್ನೇ ಬೈಯುತ್ತಾರೆ. ಎಷ್ಟೋ ಸಲ ಕುಕ್ಕೋದು ಆ ರಬ್ಬರು. ಅದಕ್ಕೇ ಜಾಸ್ತಿ ಇಳಿಸುವ ಸ್ಪ್ರಿಂಗು ಜಾಸ್ತಿ ಗಟ್ಟಿಯೂ ಇರಬೇಕು. ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸೋಕೆ ಹಳೆ ಶಾಕ್‌ಗೆ ತಾಕತ್ತು ಇರಲ್ಲ, ಹಾಗಾಗಿ ಶಾಕೂ ಹೊಸದು. ಶಾಕ್ ತಯಾರಿಸುವ ಬಿಲ್‌ಸ್ಟೀನ್ ಕಂಪನಿಯವರು ಮಾಮೂಲಿ ಎತ್ತರಕ್ಕೆ ಬಿ6, ಇಳಿಸಿದ ಕಾರಿಗೆ ಬಿ8 ಅಂತ ಬೇರೆ ಬೇರೆ ಮಾಡುವುದು ಸುಮ್ನೆ ಅಲ್ಲ. ಹೆಂಡತಿಗೆ ಸ್ಪ್ರಿಂಗ್ ಅಂತ ಮಾತ್ರ ಹೇಳಿದ್ದೆ. ಶಾಕ್ ಅವಳಿಗೆ ಆಮೇಲೆ ಕೊಟ್ಟೆ.

ಕೊನೆಗೆ 30 ಮಿ.ಮೀ. ಇಳಿಸುವ ಸೆಟ್ ಆರಿಸಿದೆ. ಮೊದಲೇ ಅಳತೆ ತೆಗೆದಿಟ್ಟೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕದೊಳಗೆ ನುಗ್ಗುತ್ತವೆ. ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಬೋಲ್ಟುಗಳು ತಮ್ಮ ಪಾಲಿನ ಹಟ ಮಾಡಿದವು. ಸಂಜೆಗೆ ಕಾರನ್ನು ಜ್ಯಾಕಿನಿಂದ ಇಳಿಸಿದರು. ನಾನು ಬಗ್ಗಿ ಬೆರಳು ತೂರಿಸಿದೆ. ಅಂಗೈ ಹೋಯಿತು. ಹಿಂದಿನದಕ್ಕಿಂತ ಆರಾಮಾಗಿ ಹೋಯಿತು.

ಟೇಪು ಹಿಡಿದೆ. ಮುಂದುಗಡೆ ಮೊದಲಿಗಿಂತ 5 ಮಿ.ಮೀ. ಎತ್ತರ ಆಗಿತ್ತು.

"ರೀ, ಇಳಿಸ್ತೀನಿ ಅಂದಿದ್ರಲ್ವಾ?" ಹೆಂಡತಿಯ ದನಿಯಲ್ಲಿ ಒಂಚೂರೂ ವ್ಯಂಗ್ಯ ಇರಲಿಲ್ಲ. ಅದೇ ಜಾಸ್ತಿ ಉರಿ ತರಿಸಿತು.

ಕಾರಣ ಎರಡು. ಸೆಟ್ಟಿನ ಮೇಲೆ ಬರೆದಿರುವ 30 ಮಿ.ಮೀ. ಅನ್ನೋದು ಕಾರ್ಖಾನೆಯಿಂದ ಹೊಸದಾಗಿ ಬಂದ ಕಾರಿನ ಲೆಕ್ಕ. ನನ್ನ ಕಾರಿನ ಸ್ಪ್ರಿಂಗುಗಳು ಇಷ್ಟು ವರ್ಷ ಭಾರ ಹೊತ್ತು ಆಗಲೇ ಚೆನ್ನಾಗಿ ಕೂತುಬಿಟ್ಟಿದ್ದವು. ಅಂದರೆ ಆ ಇಳಿಕೆಯ ದೊಡ್ಡ ಪಾಲನ್ನು ಕಾರು ಪುಕ್ಕಟೆಯಾಗಿ, ಯಾರನ್ನೂ ಕೇಳದೆ ಮುಗಿಸಿತ್ತು. ಆದರೂ ಏರಬಾರದಿತ್ತಲ್ಲ? ಅದು ಎರಡನೇ ಕಾರಣ. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಮೆಕ್ಯಾನಿಕ್ ಸಸ್ಪೆನ್ಷನ್ ಆರ್ಮಿನ, ಅಂದರೆ ಚಕ್ರ ಹಿಡಿದಿರುವ ತೋಳಿನ, ಬೋಲ್ಟುಗಳನ್ನು ಬಿಗಿದಿದ್ದ. ಆ ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ಆ ಜೋತಾಡುವ ಸ್ಥಿತಿಯೇ ತಮ್ಮ ಜಾಗ ಅಂತ ಅಂಟಿಕೊಂಡವು. ಕಾರು ಕೆಳಗಿಳಿದಾಗ ತಿರುಚಿಕೊಂಡು ಮೇಲಕ್ಕೆ ತಳ್ಳುತ್ತಾ ನಿಂತವು. ಹಾಗೇ ಬಿಟ್ಟರೆ ಬೇಗ ಹರಿದೂ ಹೋಗುತ್ತವೆ. ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಮೇಲೆಯೇ ಬೋಲ್ಟು ಬಿಗಿಯಬೇಕು.

ಎಲ್ಲ ಸಡಿಲಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಕಾರನ್ನು ಒಂಚೂರು ಕುಣಿಸಿ ಮತ್ತೆ ಬಿಗಿದರು. ಈಗ ಇಳಿಯಿತು. ಬಹಳ ಅಲ್ಲ. ಒಂದು ಬೆರಳಿನಷ್ಟು.

ಎತ್ತರ ಬದಲಾದರೆ ಚಕ್ರದ ವಾಲು, ದಿಕ್ಕು ಎರಡೂ ಬದಲಾಗುತ್ತವೆ, ಆದ್ದರಿಂದ ವೀಲ್ ಅಲೈನ್‌ಮೆಂಟ್‌ಗೆ ಹೋದೆ. ಅಲ್ಲಿನ ಹುಡುಗ ಚುರುಕು. "ಸಾರ್, ಇಷ್ಟು ಹಗುರ ಕಾರು ಅಲ್ವಾ, ನೀವು ಒಳಗೆ ಕೂತಿದ್ರೆ ಸರಿಯಾದ ಅಳತೆ ಸಿಗುತ್ತೆ" ಅಂದ. ಕೂತೆ. ಅವನು ಬಲಗಡೆ ಮಡ್‌ಗಾರ್ಡಿಗೆ ಟೇಪು ಹಿಡಿದು ಒಂದು ಕ್ಷಣ ಸುಮ್ಮನಾದ. ಇನ್ನೊಮ್ಮೆ ಅಳೆದ.

"ಈ ಕಡೆ ಇನ್ನೂ 10 ಮಿ.ಮೀ. ಇಳೀತು ಸಾರ್."

ಆ ಗ್ಯಾಪಿಗೆ ನಾನು ಸೀಟಿನಿಂದಲೇ ಕೈ ಚಾಚಿ ನೋಡಿದೆ. ಕೈ ಎಟುಕಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಬಗ್ಗಿ ನೋಡಿ, "ಎರಡೇ ಬೆರಳು ರೀ! ಇದಕ್ಕೆ ಸ್ಪ್ರಿಂಗ್ ಯಾಕೆ ಬೇಕಿತ್ತು?" ಅಂದಳು.